ಎಪಿಎಸ್ಟಿಮ್: ಲಾಕ್‌ಡೌನನ್ನು ತೂಗಲು ಹೊರಟವರಿಗೆ ಸಿಗುವ ಪುಕ್ಕಟೆ ತಕ್ಕಡಿ

2021ರ ಏಪ್ರಿಲ್ 27ರ ರಾತ್ರಿ 9 ಗಂಟೆಗೆ ಕರ್ನಾಟಕ ಕದ ಮುಚ್ಚಿಕೊಂಡಿತು. ಬೆಳಗ್ಗೆ 6ರಿಂದ 10ರವರೆಗೆ ಹಾಲು, ತರಕಾರಿ, ದಿನಸಿಗೆ ಅವಕಾಶವಿತ್ತು. ಉಳಿದ ಹೊತ್ತಿನಲ್ಲಿ ಬಸ್ಸಿಲ್ಲ, ಅಂಗಡಿಯಿಲ್ಲ. ಎಂಟು ದಿನಗಳ ಬಳಿಕ, ಮೇ 5ರಂದು, ರಾಜ್ಯದ ಆರೋಗ್ಯ ಇಲಾಖೆಯ ಬುಲೆಟಿನ್ 50,112 ಹೊಸ ಪ್ರಕರಣಗಳನ್ನು ತೋರಿಸಿತು. ಅಲ್ಲಿಂದಾಚೆಗೆ ಸಂಖ್ಯೆ ಇಳಿಯುತ್ತ ಹೋಗಿ, ತಿಂಗಳ ಕೊನೆಯ ಹೊತ್ತಿಗೆ ಸುಮಾರು ಮೂರರಲ್ಲೊಂದು ಪಾಲಿಗೆ ಬಂದು ನಿಂತಿತು. ಕದ ಮುಚ್ಚಿದ್ದರಿಂದಲೇ ಇಳಿಯಿತೆ, ಮುಚ್ಚದಿದ್ದರೂ ಇಳಿಯುತ್ತಿತ್ತೆ, ಇಳಿಕೆಯಲ್ಲಿ ಸರ್ಕಾರದ ಆದೇಶದ ಪಾಲೆಷ್ಟು, ಜನರ ಭಯದ ಪಾಲೆಷ್ಟು ಎಂಬ ಪ್ರಶ್ನೆಗೆ ಅಂಕಿಗಳಿಂದಲೇ ಉತ್ತರ ಹುಡುಕಲು ಹೊರಟವರು ಮೊದಲು ಕೈ ಹಾಕುವ ಸಾಧನಗಳಲ್ಲಿ ಎಪಿಎಸ್ಟಿಮ್ ಒಂದು. ಸಂಖ್ಯಾಶಾಸ್ತ್ರ ಕಲಿಸುವ ನಾನು, ಸ್ನಾತಕೋತ್ತರ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳ ನೆಪದಲ್ಲಿ, ಇದನ್ನು ಹಲವು ಬಾರಿ ಬಳಸಿದ್ದೇನೆ, ಬಳಸಿದವರ ವರದಿಗಳನ್ನು ತಿದ್ದಿದ್ದೇನೆ. ಈ ವಿಮರ್ಶೆ ಬಂದಿರುವುದು ಆ ತಿದ್ದುವ ಕೆಲಸದಿಂದ.

ಎಪಿಎಸ್ಟಿಮ್ ಎಂಬುದು ಆರ್ ಎಂಬ ಗಣಕ ಭಾಷೆಯಲ್ಲಿ ಓಡುವ ಒಂದು ಪ್ಯಾಕೇಜ್, ಎಂದರೆ ಸಿದ್ಧ ಲೆಕ್ಕಸಾಧನಗಳ ಕಟ್ಟು. ಆನ್ ಕೋರಿ ಮತ್ತು ಸಂಗಡಿಗರು 2013ರಲ್ಲಿ ಒಂದು ಸಂಶೋಧನಾ ಲೇಖನದೊಂದಿಗೆ ಇದನ್ನು ಹೊರತಂದರು; ಎಂದರೆ ಕೋವಿಡ್ ಹುಟ್ಟುವುದಕ್ಕೆ ಆರು ವರ್ಷ ಮೊದಲೇ ಇದು ಸಿದ್ಧವಾಗಿತ್ತು. ಬೆಲೆಯಿಲ್ಲ, ಮುಕ್ತ ಪರವಾನಗಿ, ಒಳಗಿನ ಸಾಲುಗಳನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದು. ಇದು ಅಳೆಯುವುದು ಒಂದೇ ಒಂದು ವಸ್ತುವನ್ನು: ಒಬ್ಬ ಸೋಂಕಿತ ಸರಾಸರಿ ಎಷ್ಟು ಜನರಿಗೆ ಸೋಂಕು ದಾಟಿಸುತ್ತಿದ್ದಾನೆ ಎಂಬ ಸಂಖ್ಯೆಯನ್ನು, ದಿನದಿಂದ ದಿನಕ್ಕೆ. ಆ ಸಂಖ್ಯೆಯ ಹೆಸರೂ ಆರ್, ಭಾಷೆಯ ಹೆಸರೂ ಆರ್. ತರಗತಿಯಲ್ಲಿ ಇದು ಸಾಕಷ್ಟು ಗೊಂದಲ ಮಾಡುವುದರಿಂದ ಇಲ್ಲಿ ಸಂಖ್ಯೆಯನ್ನು ನಾನು ಹರಡಿಕೆಯ ಸಂಖ್ಯೆ ಎಂದೇ ಕರೆಯುತ್ತೇನೆ. ಅದು ಒಂದಕ್ಕಿಂತ ಮೇಲಿದ್ದರೆ ರೋಗ ಬೆಳೆಯುತ್ತದೆ, ಕೆಳಗಿದ್ದರೆ ಕುಗ್ಗುತ್ತದೆ.

ಒಳಗಿನ ಲೆಕ್ಕ ಸರಳ, ಮತ್ತು ಆ ಸರಳತೆಯೇ ಇದರ ಸೊಗಸು. ಇಂದು ಕಾಣಿಸಿಕೊಂಡ ರೋಗಿಗಳೆಲ್ಲ ಹಿಂದಿನ ಕೆಲವು ದಿನಗಳ ರೋಗಿಗಳಿಂದ ಹುಟ್ಟಿದವರು. ಒಬ್ಬನಿಗೆ ಲಕ್ಷಣ ಕಾಣಿಸಿಕೊಂಡ ದಿನಕ್ಕೂ ಅವನಿಂದ ಅಂಟಿಸಿಕೊಂಡವನಿಗೆ ಕಾಣಿಸಿಕೊಂಡ ದಿನಕ್ಕೂ ನಡುವಿನ ಅಂತರ ಎಷ್ಟೆಂದು ಬೇರೆ ಅಧ್ಯಯನಗಳಿಂದ ತಿಳಿದಿದ್ದರೆ, ಹಿಂದಿನ ದಿನಗಳ ರೋಗಿಗಳಲ್ಲಿ ಇಂದು ಸೋಂಕು ದಾಟಿಸುವ ಹದದಲ್ಲಿ ಎಷ್ಟು ಜನರಿದ್ದಾರೆ ಎಂದು ತೂಕ ಹಾಕಿ ಕೂಡಿಸಬಹುದು. ಇಂದಿನ ಹೊಸ ರೋಗಿಗಳನ್ನು ಆ ಮೊತ್ತದಿಂದ ಭಾಗಿಸಿದರೆ ಹರಡಿಕೆಯ ಸಂಖ್ಯೆ ಸಿಕ್ಕಿತು. ದಿನದಿನದ ಏರುಪೇರು ತಗ್ಗಿಸಲು ಪ್ಯಾಕೇಜ್ ತಾನಾಗಿಯೇ ಏಳು ದಿನಗಳನ್ನು ಒಟ್ಟಿಗೆ ಹಿಡಿದು, ಆ ಏಳು ದಿನಗಳುದ್ದಕ್ಕೂ ಸಂಖ್ಯೆ ಒಂದೇ ಇತ್ತೆಂದು ಭಾವಿಸಿ, ಬೇಸ್ ಸೂತ್ರದ (ಮೊದಲಿನ ಊಹೆಯನ್ನು ದತ್ತಾಂಶದಿಂದ ತಿದ್ದಿಕೊಳ್ಳುವ ಲೆಕ್ಕ) ಮೂಲಕ ಅಂದಾಜನ್ನೂ ಅದರ ಅನಿಶ್ಚಿತತೆಯ ಮಿತಿಗಳನ್ನೂ ಕೊಡುತ್ತದೆ.

ಈ ಭಾಗಾಕಾರದಲ್ಲಿ ಇನ್ನೊಂದು ಜಾಣತನ ಅಡಗಿದೆ. ಹತ್ತು ಸೋಂಕಿತರಲ್ಲಿ ಒಬ್ಬನನ್ನು ಮಾತ್ರ ಸರ್ಕಾರ ಪತ್ತೆ ಹಚ್ಚುತ್ತಿದೆ ಎಂದುಕೊಳ್ಳಿ. ಮೇಲಿನ ಸಂಖ್ಯೆಯೂ ಹತ್ತನೆಯ ಒಂದು ಪಾಲು, ಕೆಳಗಿನ ಸಂಖ್ಯೆಯೂ ಹತ್ತನೆಯ ಒಂದು ಪಾಲು. ಭಾಗಿಸಿದಾಗ ಎರಡೂ ಹೊಡೆದುಹೋಗುತ್ತವೆ. ಆದ್ದರಿಂದ ಎಲ್ಲ ಪ್ರಕರಣಗಳೂ ಸಿಗದಿದ್ದರೂ ಹರಡಿಕೆಯ ಸಂಖ್ಯೆ ಸರಿಯಾಗಿಯೇ ಬರುತ್ತದೆ. ಸಿಗುವ ಪಾಲು ಬದಲಾಗದೆ ಒಂದೇ ಸಮನಾಗಿರಬೇಕು, ಅಷ್ಟೇ. ಈ ಕೊನೆಯ ಮಾತನ್ನು ಕೈಪಿಡಿ ಹೇಳಿದೆ, ಬಳಸುವವರು ಮರೆಯುತ್ತಾರೆ. ಇದರ ಬಗ್ಗೆ ಮುಂದೆ ಹೇಳುತ್ತೇನೆ.

ಅಳವಡಿಸಿಕೊಳ್ಳುವುದು ಕಷ್ಟವಲ್ಲ. ಜೊತೆಗೆ ಬೇಕಾಗುವ ಇತರ ಪ್ಯಾಕೇಜ್‌ಗಳನ್ನೂ ಎಳೆದುಕೊಂಡು ಬರುವುದರಿಂದ ಹಳೆಯ ಗಣಕಗಳಿರುವ ಪ್ರಯೋಗಾಲಯದಲ್ಲಿ ಒಂದಿಷ್ಟು ಕಾಯಬೇಕಾಗುತ್ತದೆ. ಅಭ್ಯಾಸಕ್ಕೆಂದು ಕೆಲವು ಹಳೆಯ ಸಾಂಕ್ರಾಮಿಕಗಳ ದತ್ತಾಂಶವನ್ನು ಒಳಗೇ ಇಟ್ಟಿದ್ದಾರೆ: 1861ರಲ್ಲಿ ಜರ್ಮನಿಯ ಹಾಗೆಲ್ಲಾಕ್ ಊರಿನ ದಡಾರ, 1918ರ ಬಾಲ್ಟಿಮೋರ್ ಇನ್‌ಫ್ಲುಯೆಂಜಾ, 1972ರ ಕೊಸೊವೊ ಸಿಡುಬು, 2003ರ ಹಾಂಗ್‌ಕಾಂಗ್ ಸಾರ್ಸ್. ವಿದ್ಯಾರ್ಥಿಗಳಿಗೆ ಮೊದಲು ಇವನ್ನೇ ಕೊಡುತ್ತೇನೆ. ದಡಾರದ ಕಥೆಯನ್ನು ಹೇಳಿ ಸಂಖ್ಯೆಯನ್ನು ತೋರಿಸಿದರೆ ಸೂತ್ರ ಬೇಗ ತಲೆಗೆ ಹತ್ತುತ್ತದೆ. ಆರ್ ಭಾಷೆ ಬಾರದವರಿಗಾಗಿ ಲೇಖಕರು ಆಗಲೇ ಎಕ್ಸೆಲ್ ಕಡತವೊಂದನ್ನೂ ಕೊಟ್ಟಿದ್ದರು. ಒಂದು ರಾಜ್ಯದ ಒಂದು ವರ್ಷದ ಅಂಕಿಗಳನ್ನು ಕೊಟ್ಟರೆ ಸಾಧಾರಣ ಲ್ಯಾಪ್‌ಟಾಪ್‌ನಲ್ಲಿಯೂ ಉತ್ತರ ತಕ್ಷಣ ಬರುತ್ತದೆ. ಈ ವೇಗ ಸಣ್ಣ ವಿಷಯವಲ್ಲ, ಏಕೆಂದರೆ ಊಹೆಗಳನ್ನು ಬದಲಿಸಿ ಬದಲಿಸಿ ನೋಡುವ ತಾಳ್ಮೆ ಬರುವುದು ಉತ್ತರ ಬೇಗ ಬಂದಾಗ ಮಾತ್ರ.

ಈಗ ಕರ್ನಾಟಕದ ಎರಡನೆಯ ಅಲೆಗೆ ಬರುತ್ತೇನೆ. ರಾಜ್ಯದ ಬುಲೆಟಿನ್‌ಗಳಿಂದ ಮಂಗಳವಾರದಿಂದ ಸೋಮವಾರದವರೆಗಿನ ವಾರದ ಮೊತ್ತಗಳನ್ನು ಕೂಡಿಸಿದರೆ ಸ್ಥೂಲವಾಗಿ ಹೀಗಿವೆ: ಯುಗಾದಿಯಿಂದ ಶುರುವಾದ ಏಪ್ರಿಲ್ 13ರ ವಾರದಲ್ಲಿ 1.02 ಲಕ್ಷ, 20ರ ವಾರದಲ್ಲಿ 1.92 ಲಕ್ಷ, 27ರ ವಾರದಲ್ಲಿ 2.77 ಲಕ್ಷ, ಮೇ 4ರ ವಾರದಲ್ಲಿ 3.27 ಲಕ್ಷ, 11ರ ವಾರದಲ್ಲಿ 2.68 ಲಕ್ಷ, 18ರ ವಾರದಲ್ಲಿ 2.08 ಲಕ್ಷ. ರೋಗಿಯಿಂದ ರೋಗಿಗೆ ಅಂತರ ಸರಾಸರಿ 4.7 ದಿನ ಎಂದು ಹಿಡಿದು (2020ರ ಆರಂಭದಲ್ಲಿ ನಿಶಿಯುರಾ ಮತ್ತು ಸಂಗಡಿಗರು ಕೊಟ್ಟ, ಬಹಳ ಜನ ಬಳಸಿದ ಅಂಕಿ ಅದು) ವಾರದಿಂದ ವಾರಕ್ಕೆ ಆದ ಬದಲಾವಣೆಯಿಂದ ಕೈಲೆಕ್ಕ ಮಾಡಿದರೆ ಹರಡಿಕೆಯ ಸಂಖ್ಯೆ ಕ್ರಮವಾಗಿ 1.5, 1.3, 1.1, 0.9, 0.85ರ ಆಸುಪಾಸಿನಲ್ಲಿ ಬರುತ್ತದೆ. ಈ ಕೈಲೆಕ್ಕವನ್ನು ಮೊದಲು ಮಾಡಿಕೊಂಡು ಆಮೇಲೆ ಪ್ಯಾಕೇಜನ್ನು ಓಡಿಸಿ ಎಂಬುದು ನನ್ನ ಸಲಹೆ. ಯಂತ್ರ ಕೊಟ್ಟ ಗೆರೆ ಎಲ್ಲಿಂದ ಎಲ್ಲಿಗೆ ಹೋಗಬೇಕೆಂಬ ಅಂದಾಜು ಮನಸ್ಸಿನಲ್ಲಿದ್ದರೆ ಕಾಲಂ ತಪ್ಪಿ ಕೊಟ್ಟಾಗ ತಟ್ಟನೆ ಗೊತ್ತಾಗುತ್ತದೆ.

ವಿದ್ಯಾರ್ಥಿಗಳ ವರದಿಗಳು ಎಡವುವುದು ಇಲ್ಲಿಂದ ಮುಂದೆ. ಗೆರೆ ಎಳೆದು, ಏಪ್ರಿಲ್ 27ರ ಮೇಲೆ ಕೆಂಪು ಲಂಬ ರೇಖೆಯೊಂದನ್ನು ನಿಲ್ಲಿಸಿ, ‘ಲಾಕ್‌ಡೌನಿಗೆ ಮುನ್ನ 1.3, ಎರಡು ವಾರದ ನಂತರ 0.9, ಆದ್ದರಿಂದ ಲಾಕ್‌ಡೌನ್ ಹರಡಿಕೆಯನ್ನು ಇಷ್ಟು ಪ್ರತಿಶತ ಕುಗ್ಗಿಸಿತು’ ಎಂದು ಬರೆದು ಮುಗಿಸುತ್ತಾರೆ. ಪ್ಯಾಕೇಜ್ ಅಂದಾಜನ್ನು ಏಳು ದಿನಗಳ ಕಿಟಕಿಯ ಕೊನೆಯ ದಿನಕ್ಕೆ ಬರೆಯುತ್ತದೆ. ಎಂದರೆ ಮೇ 3 ಎಂದು ತೋರಿಸಿದ ಸಂಖ್ಯೆ ವಾಸ್ತವವಾಗಿ ಅದರ ಹಿಂದಿನ ಇಡೀ ವಾರದ ಸರಾಸರಿ. ಅದಕ್ಕಿಂತ ದೊಡ್ಡದು ಎರಡನೆಯ ವಿಳಂಬ. ಸೋಂಕು ತಗುಲಿದ ಮೇಲೆ ಲಕ್ಷಣ ಕಾಣಿಸಲು ಸುಮಾರು ಐದು ದಿನ, ಆಮೇಲೆ ‘ಮಾಮೂಲಿ ಜ್ವರ ಇರಬಹುದು’ ಎಂದು ಕಳೆಯುವ ಒಂದೆರಡು ದಿನ, ಪರೀಕ್ಷೆ, ಫಲಿತಾಂಶ, ಹಿಂದಿನ ಸಂಜೆಯವರೆಗಿನ ಲೆಕ್ಕವನ್ನು ಹೇಳುವ ಬುಲೆಟಿನ್. ಪ್ರಯೋಗಾಲಯಗಳಲ್ಲಿ ಮಾದರಿಗಳು ರಾಶಿ ಬಿದ್ದಿದ್ದ ಆ ದಿನಗಳಲ್ಲಿ ಒಟ್ಟು ಹತ್ತು ದಿನ ಎಂದರೆ ಉದಾರವೇನಲ್ಲ.

ಹಾಗಾದರೆ ಮೇಲಿನ ಐದು ಸಂಖ್ಯೆಗಳನ್ನು ಹತ್ತು ದಿನ ಹಿಂದಕ್ಕೆ ಸರಿಸಿ ನೋಡೋಣ. ಎರಡು ವಾರಗಳ ನಡುವಣ ಬೆಳವಣಿಗೆಯನ್ನು ಆ ವಾರಗಳು ಸಂಧಿಸುವ ದಿನಕ್ಕೆ ಬರೆದು ಹತ್ತು ದಿನ ಕಳೆದರೆ, 1.5 ಎಂಬುದು ಏಪ್ರಿಲ್ 10ರ ಸುತ್ತಿನ ಸೋಂಕುಗಳ ಕಥೆ, 1.3 ಎಂಬುದು 17ರದು, 1.1 ಎಂಬುದು 24ರದು. ಒಂದೂವರೆಯಿಂದ ಒಂದರ ಹತ್ತಿರಕ್ಕೆ ಬಂದ ಪ್ರಯಾಣದ ಬಹುಪಾಲು ಕದ ಮುಚ್ಚುವ ಮೊದಲೇ ಮುಗಿದಂತೆ ಕಾಣುತ್ತದೆ! ಇದರಿಂದ ಲಾಕ್‌ಡೌನ್ ದಂಡವೆಂದು ತೀರ್ಮಾನಿಸುವುದೂ ಅಷ್ಟೇ ಅವಸರ. ಏಪ್ರಿಲ್ 10ರಿಂದ ಬೆಂಗಳೂರು, ಮೈಸೂರು, ಮಂಗಳೂರು ಮೊದಲಾದ ಕೆಲವು ನಗರಗಳಲ್ಲಿ ರಾತ್ರಿ ಕರ್ಫ್ಯೂ ಇತ್ತು. 21ರಿಂದ ಅದು ರಾಜ್ಯಕ್ಕೆಲ್ಲ ಹಬ್ಬಿ, ಜೊತೆಗೆ ವಾರಾಂತ್ಯದ ಕರ್ಫ್ಯೂ ಸೇರಿಕೊಂಡಿತು. ಆಸ್ಪತ್ರೆಯ ಹಾಸಿಗೆಗಾಗಿ, ಆಮ್ಲಜನಕಕ್ಕಾಗಿ ಪರಿಚಿತರು ಮಾಡುತ್ತಿದ್ದ ಫೋನ್ ಕರೆಗಳು ಯಾವ ಆದೇಶಕ್ಕಿಂತಲೂ ಮೊದಲೇ ಅನೇಕರನ್ನು ಮನೆಯಲ್ಲಿ ಕೂರಿಸಿದ್ದವು. ಲಾಕ್‌ಡೌನ್ ಎಂಬುದು ಒಂದು ರಾತ್ರಿ ಒತ್ತಿದ ಗುಂಡಿಯಾಗಿರಲಿಲ್ಲ, ಮೂರು ವಾರಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಿದ ನಿರ್ಬಂಧವಾಗಿತ್ತು. ಮೇ 10ರಂದು ಇನ್ನೂ ಒಂದು ಮೆಟ್ಟಿಲು ಸೇರಿತು. ಸಂಖ್ಯೆ ಒಂದರ ಕೆಳಗೆ ಇಳಿದದ್ದು ಮೂರನೆಯ ಮೆಟ್ಟಿಲಿನ ನಂತರ ಎಂಬಷ್ಟನ್ನು ಎಪಿಎಸ್ಟಿಮ್ ನಂಬಿಕೆಯಿಂದ ಹೇಳಬಲ್ಲದು. ಇಳಿಸಿದ್ದು ಯಾವ ಮೆಟ್ಟಿಲು ಎಂದು ಅದು ಹೇಳಲಾರದು, ಹೇಳುತ್ತೇನೆಂದು ಅದರ ಕರ್ತೃಗಳು ಎಲ್ಲಿಯೂ ಮಾತು ಕೊಟ್ಟಿಲ್ಲ.

ಹತ್ತು ದಿನ ಹಿಂದಕ್ಕೆ ಸರಿಸುವ ಈ ಉಪಾಯವೂ ಒರಟಾದದ್ದೇ ಎಂದು ಸೇರಿಸಬೇಕು. ಎಲ್ಲರ ವಿಳಂಬವೂ ಒಂದೇ ಅಲ್ಲ. ಕೆಲವರದು ಆರು ದಿನ, ಕೆಲವರದು ಹದಿನೈದು. ಆದ್ದರಿಂದ ಸೋಂಕಿನ ನಿಜವಾದ ಗೆರೆ ಚೂಪಾಗಿ ಮುರಿದಿದ್ದರೂ ವರದಿಯಾದ ಪ್ರಕರಣಗಳ ಗೆರೆ ಮಣ್ಣಿನ ದಿಬ್ಬದಂತೆ ಸವೆದು ದುಂಡಗಾಗಿರುತ್ತದೆ, ಮತ್ತು ಸರಿಸುವುದರಿಂದ ಆ ಸವಕಳಿ ಹೋಗುವುದಿಲ್ಲ. ಒಂದು ದಿನ ಥಟ್ಟನೆ ಬಿದ್ದ ಸಂಖ್ಯೆ ಕೂಡ ಹದಿನೈದು ದಿನ ಮೆಲ್ಲಗೆ ಜಾರಿದಂತೆ ಕಾಣುತ್ತದೆ. ಮೇಲೆ ನಾನು ‘ಮೊದಲೇ ಮುಗಿದಂತೆ ಕಾಣುತ್ತದೆ’ ಎಂದದ್ದರ ಒಂದು ಭಾಗ ಈ ಸವಕಳಿಯ ಆಟವೂ ಇರಬಹುದು. ಕೇಟಿ ಗಾಸ್ಟಿಕ್ ಮತ್ತು ಸಂಗಡಿಗರು 2020ರಲ್ಲಿ ಹರಡಿಕೆಯ ಸಂಖ್ಯೆಯನ್ನು ಅಳೆಯುವ ಬೇರೆ ಬೇರೆ ವಿಧಾನಗಳನ್ನು ಹೋಲಿಸಿ, ಅಲೆ ನಡೆಯುತ್ತಿರುವಾಗಲೇ ಅಳೆಯಲು ಕೋರಿಯವರ ವಿಧಾನವೇ ಮೇಲೆಂದು ಹೇಳಿದರು, ಅದೇ ಉಸಿರಿನಲ್ಲಿ ಈ ವಿಳಂಬಗಳ ಬಗ್ಗೆ ಎಚ್ಚರಿಸಿದರು. ಮೊದಲ ಮಾತನ್ನು ಉದ್ಧರಿಸುವವರು ಬಹಳ, ಎರಡನೆಯದನ್ನು ಉದ್ಧರಿಸುವವರು ಕಡಿಮೆ.

ಪತ್ತೆಯಾಗುವ ಪಾಲು ಒಂದೇ ಸಮನಾಗಿರಬೇಕು ಎಂದಿದ್ದೆ. 2021ರ ಮೇ ತಿಂಗಳಲ್ಲಿ ಕರ್ನಾಟಕದಲ್ಲಿ ಅದು ಹಾಗಿರಲಿಲ್ಲ. ಮೇ 5ರ ಬುಲೆಟಿನ್‌ನಲ್ಲಿ ಪರೀಕ್ಷೆಗಳು ಸುಮಾರು 1.55 ಲಕ್ಷ, ಪಾಸಿಟಿವಿಟಿ ದರ ಸುಮಾರು 32 ಪ್ರತಿಶತ. ಮೇ 17ರ ಬುಲೆಟಿನ್‌ನಲ್ಲಿ ಪರೀಕ್ಷೆಗಳು ಒಂದು ಲಕ್ಷಕ್ಕಿಂತ ಕೆಳಗೆ, ಪಾಸಿಟಿವಿಟಿ ದರ 40ರ ಹತ್ತಿರ. ಪ್ರಕರಣಗಳ ಸಂಖ್ಯೆ 50 ಸಾವಿರದಿಂದ 38 ಸಾವಿರಕ್ಕೆ ಇಳಿದದ್ದನ್ನು ಪ್ಯಾಕೇಜ್ ನೋಡುತ್ತದೆ; ಪರೀಕ್ಷೆಗಳೇ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಕುಸಿದದ್ದನ್ನು ನೋಡುವುದಿಲ್ಲ, ಏಕೆಂದರೆ ಅದಕ್ಕೆ ಕೊಟ್ಟ ಕಡತದಲ್ಲಿ ಪರೀಕ್ಷೆಗಳ ಕಾಲಮ್ಮೇ ಇಲ್ಲ. ಹೀಗಾಗಿ ಆ ಎರಡು ವಾರಗಳಲ್ಲಿ ಒಂದರ ಕೆಳಗೆ ಬಂದ ಅಂದಾಜಿನಲ್ಲಿ ರೋಗ ನಿಜವಾಗಿ ಕುಗ್ಗಿದ ಪಾಲೂ ಇದೆ, ಕಣ್ಣು ಮುಚ್ಚಿಕೊಂಡ ಪಾಲೂ ಇದೆ. ಏಪ್ರಿಲ್ ಕೊನೆಯ ವಾರದಲ್ಲಿ ಪ್ರಯೋಗಾಲಯಗಳು ತಮ್ಮ ಶಕ್ತಿಯ ಮೇಲ್ಮಿತಿ ಮುಟ್ಟಿದ್ದಾಗಲೂ ಇದೇ ರೀತಿ ಸಂಖ್ಯೆ ಕೃತಕವಾಗಿ ಕೆಳಗೆ ಎಳೆದುಕೊಂಡಿರಬೇಕು. ಮೇ ತಿಂಗಳ ಕೊನೆಗೆ ಪಾಸಿಟಿವಿಟಿ ದರವೂ ಜೊತೆಯಲ್ಲಿಯೇ ಇಳಿಯತೊಡಗಿದ ಮೇಲೆ ನಾನು ಈ ಅಂದಾಜನ್ನು ನಂಬುತ್ತೇನೆ. ಅದಕ್ಕೆ ಮೊದಲಿನದನ್ನು ನಂಬುವುದಿಲ್ಲ.

ಇದಕ್ಕಿಂತ ನನಗೆ ಸಿಟ್ಟು ಬರಿಸುವುದು ಅನಿಶ್ಚಿತತೆಯ ಮಿತಿಗಳು. ಪ್ಯಾಕೇಜ್ ಪ್ರಕರಣಗಳನ್ನು ಪಾಸಾನ್ ವಿತರಣೆಯವೆಂದು, ಎಂದರೆ ಅವುಗಳ ಏರುಪೇರು ಬರಿಯ ಆಕಸ್ಮಿಕದ್ದೆಂದು, ಭಾವಿಸುತ್ತದೆ. ಆ ಭಾವನೆಯ ಪ್ರಕಾರ ಅಂದಾಜಿನ ಸಾಪೇಕ್ಷ ದೋಷ ಕಿಟಕಿಯೊಳಗಿನ ಪ್ರಕರಣಗಳ ವರ್ಗಮೂಲಕ್ಕೆ ವಿಲೋಮವಾಗಿ ನಡೆಯುತ್ತದೆ. ವಾರಕ್ಕೆ 2.77 ಲಕ್ಷ ಪ್ರಕರಣಗಳಿದ್ದರೆ ದೋಷ 0.2 ಪ್ರತಿಶತಕ್ಕಿಂತ ಕಡಿಮೆ. ಹರಡಿಕೆಯ ಸಂಖ್ಯೆ 1.12 ಎಂದು ಬಂದರೆ ಅದು 1.116ಕ್ಕೂ 1.124ಕ್ಕೂ ನಡುವೆಯೇ ಇದೆ ಎಂದು 95 ಪ್ರತಿಶತ ಭರವಸೆಯಿಂದ ಯಂತ್ರ ಹೇಳುತ್ತದೆ. ಭಾನುವಾರ ಮಾದರಿ ಸಂಗ್ರಹ ಕಡಿಮೆಯಾಗಿ ಸೋಮವಾರ ಸಂಖ್ಯೆ ತಗ್ಗುವ, ಬಾಕಿ ಬಿದ್ದ ಫಲಿತಾಂಶಗಳು ಒಂದೇ ದಿನ ಬಂದು ಬೀಳುವ ದತ್ತಾಂಶದಿಂದ ಮೂರನೆಯ ದಶಮಾಂಶ ಸ್ಥಾನದವರೆಗೆ ಖಚಿತತೆ ಬರುವುದಾದರೆ ನಾವು ಸಂಖ್ಯಾಶಾಸ್ತ್ರ ಓದುವ ಅಗತ್ಯವೇ ಇರಲಿಲ್ಲ. ಚಿನ್ನದಂಗಡಿಯ ತಕ್ಕಡಿಯಲ್ಲಿ ಕಬ್ಬಿನ ಗಾಡಿಯನ್ನು ತೂಗಿದ ಹಾಗೆ. ಈ ಸಪೂರ ಪಟ್ಟಿಯನ್ನು ಚಿತ್ರದಲ್ಲಿ ನೋಡಿದ ಸಾಮಾನ್ಯ ಓದುಗ, ಅದು ಕೇವಲ ಎಣಿಕೆಯ ಅದೃಷ್ಟದಿಂದ ಬರುವ ಅನಿಶ್ಚಿತತೆ, ದತ್ತಾಂಶದ ದೋಷ ಅದರಲ್ಲಿ ಸೇರಿಲ್ಲ ಎಂದು ಹೇಗೆ ತಿಳಿದಾನು?

ಪ್ರಕರಣಗಳು ಕಡಿಮೆಯಾದಾಗ ತೊಂದರೆ ತಿರುಗುಮುರುಗಾಗುತ್ತದೆ. ಪ್ಯಾಕೇಜ್ ದತ್ತಾಂಶ ನೋಡುವ ಮೊದಲೇ ಹರಡಿಕೆಯ ಸಂಖ್ಯೆ ಸರಾಸರಿ 5 ಇರಬಹುದೆಂದು ಭಾವಿಸಿಕೊಂಡಿರುತ್ತದೆ. ಇದನ್ನು ಬೇಕೆಂದೇ ಎತ್ತರದಲ್ಲಿ ಇಟ್ಟಿದ್ದಾರೆ, ಸಾಕ್ಷ್ಯವಿಲ್ಲದೆ ಯಾರೂ ರೋಗ ಹತೋಟಿಗೆ ಬಂತೆಂದು ಹೇಳಿಬಿಡಬಾರದು ಎಂಬ ಕಾರಣಕ್ಕೆ. ಆ ಕಾರಣವನ್ನು ನಾನು ಒಪ್ಪುತ್ತೇನೆ. ಆದರೆ ಸಣ್ಣ ಜಿಲ್ಲೆಯೊಂದರಲ್ಲಿ ವಾರಗಟ್ಟಲೆ ಒಂದೂ ಪ್ರಕರಣವಿಲ್ಲದಿದ್ದರೆ, ತೂಗಲು ಏನೂ ಇಲ್ಲದ ಯಂತ್ರ ತಾನು ಮೊದಲೇ ಅಂದುಕೊಂಡ ಐದನ್ನೇ ಹೇಳತೊಡಗುತ್ತದೆ. ರೋಗವೇ ಇಲ್ಲದ ಜಿಲ್ಲೆ ನಕ್ಷೆಯಲ್ಲಿ ಕಡುಗೆಂಪಾಗಿ ಕಾಣಿಸಿಕೊಂಡ ಒಂದು ವರದಿಯನ್ನು ನಾನೇ ತಿದ್ದಿದ್ದೇನೆ. ಮೊದಲ ಕಿಟಕಿಯೊಳಗೆ ಕನಿಷ್ಠ ಹನ್ನೊಂದು ಪ್ರಕರಣಗಳಾದರೂ ಇರದಿದ್ದರೆ ಅಂದಾಜಿಗೆ ಇದು ತೀರ ಬೇಗ ಎಂಬರ್ಥದ ಎಚ್ಚರಿಕೆ ಪರದೆಯ ಮೇಲೆ ಬರುತ್ತದೆ, ನಿಜ. ಎಚ್ಚರಿಕೆಗಳನ್ನು ಓದುವ ಅಭ್ಯಾಸ ನಮ್ಮ ಹುಡುಗರಿಗೆ ಇನ್ನೂ ಬರಬೇಕು.

ಇಷ್ಟು ಬೈದ ಮೇಲೆ ಮೆಚ್ಚಿದ್ದನ್ನೂ ವಿವರವಾಗಿ ಹೇಳಬೇಕು. ಹೊರಗಿನಿಂದ ಬಂದ ಪ್ರಕರಣಗಳನ್ನೂ ಇಲ್ಲಿಯೇ ಹರಡಿದವನ್ನೂ ಬೇರೆ ಬೇರೆ ಕಾಲಮ್ಮುಗಳಲ್ಲಿ ಕೊಡುವ ಅನುಕೂಲ ಇದರಲ್ಲಿದೆ. ಹೊರಗಿನವರು ಸೋಂಕು ದಾಟಿಸುವವರ ಲೆಕ್ಕಕ್ಕೆ ಸೇರುತ್ತಾರೆ, ದಾಟಿಸಿಕೊಂಡವರ ಲೆಕ್ಕಕ್ಕೆ ಸೇರುವುದಿಲ್ಲ. ಇದರ ಬೆಲೆ ತಿಳಿಯಬೇಕಾದರೆ 2020ರ ಮೇ ತಿಂಗಳ ಕರ್ನಾಟಕವನ್ನು ನೆನೆಯಬೇಕು. ಮೊದಲ ಲಾಕ್‌ಡೌನಿನ ಬಿಗಿ ಸಡಿಲವಾಗಿ ಮಹಾರಾಷ್ಟ್ರದಿಂದ ಜನ ಊರಿಗೆ ಮರಳತೊಡಗಿದಾಗ ಮಂಡ್ಯ, ಯಾದಗಿರಿ, ಕಲಬುರಗಿ ಜಿಲ್ಲೆಗಳ ಸಂಖ್ಯೆ ಜಿಗಿಯಿತು. ಅವರಲ್ಲಿ ಬಹಳ ಮಂದಿ ಕ್ವಾರಂಟೈನ್ ಕೇಂದ್ರದಲ್ಲಿದ್ದಾಗಲೇ ಪತ್ತೆಯಾದವರು. ಇವರನ್ನೆಲ್ಲ ಒಂದೇ ಕಾಲಮ್ಮಿನಲ್ಲಿ ತುಂಬಿದರೆ ಮಂಡ್ಯದ ಹಳ್ಳಿಗಳಲ್ಲಿ ಸೋಂಕು ಕಾಡ್ಗಿಚ್ಚಿನಂತೆ ಹಬ್ಬಿತೆಂಬ ಸುಳ್ಳು ಚಿತ್ರ ಮೂಡುತ್ತದೆ, ಲಾಕ್‌ಡೌನ್ ವಿಫಲವಾಯಿತೆಂಬ ಸುಳ್ಳು ತೀರ್ಮಾನ ಹಿಂದೆಯೇ ಬರುತ್ತದೆ. ಬೇರ್ಪಡಿಸಿದರೆ ಸ್ಥಳೀಯ ಹರಡಿಕೆ ಎಷ್ಟು ಕಡಿಮೆಯಿತ್ತೆಂದು ಕಾಣುತ್ತದೆ. ಆರಂಭದ ತಿಂಗಳುಗಳಲ್ಲಿ ನಮ್ಮ ರಾಜ್ಯದ ಬುಲೆಟಿನ್ ಪ್ರತಿ ರೋಗಿಗೂ ಪಿ ಸಂಖ್ಯೆ ಕೊಟ್ಟು, ಪ್ರಯಾಣದ ಹಿನ್ನೆಲೆಯನ್ನೋ ಯಾರ ಸಂಪರ್ಕವೆಂಬುದನ್ನೋ ಬರೆಯುತ್ತಿತ್ತು. ಈ ಪ್ಯಾಕೇಜಿಗೆ ಹೇಳಿ ಮಾಡಿಸಿದಂಥ ಕಡತ ಅದು, ಮತ್ತು ಆ ಶ್ರದ್ಧೆಯಿಂದ ದಿನವೂ ಬರೆದಿಟ್ಟ ಇಲಾಖೆಯ ಸಿಬ್ಬಂದಿಗೆ ಸಂಖ್ಯಾಶಾಸ್ತ್ರದವರು ಋಣಿಯಾಗಿರಬೇಕು.

ಅದೇ ವರ್ಷ ಜುಲೈ 14ರ ಸಂಜೆಯಿಂದ 22ರ ಬೆಳಗಿನವರೆಗೆ ಬೆಂಗಳೂರಿಗೆ ಮಾತ್ರ ಹಾಕಿದ್ದ ಒಂದು ವಾರದ ಲಾಕ್‌ಡೌನಿನ ಫಲವನ್ನು ಇದರಲ್ಲಿ ಹುಡುಕಬೇಡಿ. ನಿರ್ಬಂಧದ ಆಯುಸ್ಸು ಏಳೆಂಟು ದಿನ, ಕಿಟಕಿಯ ಅಗಲ ಏಳು ದಿನ, ವರದಿಯ ವಿಳಂಬ ಅದಕ್ಕಿಂತ ಹೆಚ್ಚು. ಮೇಲಾಗಿ ಅದೇ ತಿಂಗಳಲ್ಲಿ ಕ್ಷಿಪ್ರ ಆ್ಯಂಟಿಜೆನ್ ಪರೀಕ್ಷೆಗಳು ಸೇರಿಕೊಂಡು ಎಣಿಕೆಯ ರೀತಿಯೇ ಬದಲಾಯಿತು. ಮೂರು ವಿದ್ಯಾರ್ಥಿಗಳು ಮೂರು ರೀತಿಯ ಉತ್ತರ ತಂದರು. ಮೂವರಿಗೂ ಅಂಕ ಕೊಟ್ಟೆ.

ನಡುವಿನ ಅಂತರದ 4.7 ದಿನವನ್ನು ಬಳಸುವವನೇ ಕೊಡಬೇಕು ಎಂಬುದೂ ಯೋಚಿಸಬೇಕಾದ ವಿಷಯ. 4.7ರ ಬದಲು ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಬಳಸಿದ 6.5 ಕೊಟ್ಟರೆ ಮೇಲಿನ 1.3 ಎಂಬುದು 1.4 ಆಗುತ್ತದೆ, 0.9 (ನಿಖರವಾಗಿ 0.88) ಎಂಬುದು 0.83 ಆಗುತ್ತದೆ; ಒಂದನ್ನು ದಾಟುವ ದಿನ ಮಾತ್ರ ಬದಲಾಗುವುದಿಲ್ಲ. ಒಂದರಿಂದ ದೂರ ಎಷ್ಟು ಎಂಬುದು ಊಹೆಗೆ ಬಿಟ್ಟದ್ದು, ಮೇಲೋ ಕೆಳಗೋ ಎಂಬುದು ದತ್ತಾಂಶದ್ದು ಎಂದು ಇದನ್ನು ಓದಿಕೊಳ್ಳಬಹುದು. ಆದರೆ ಕೊಕ್ಕೆ ಇನ್ನೂ ಆಳದಲ್ಲಿದೆ. 2020ರ ಜನವರಿ–ಫೆಬ್ರವರಿಯಲ್ಲಿ ಚೀನಾದಲ್ಲಿ ಈ ಅಂತರ 7.8 ದಿನಗಳಿಂದ 2.6 ದಿನಗಳಿಗೆ ಇಳಿಯಿತೆಂದು ಒಂದು ಅಧ್ಯಯನ ತೋರಿಸಿದೆ, ಏಕೆಂದರೆ ರೋಗಿಗಳನ್ನು ಬೇಗ ಬೇರ್ಪಡಿಸಿದಾಗ ಸೋಂಕು ದಾಟಲು ಸಾಧ್ಯವಿರುವುದು ಮೊದಲ ಕೆಲವು ದಿನಗಳಲ್ಲಿ ಮಾತ್ರ. ಎಂದರೆ ನಾವು ಯಾವ ಕ್ರಮವನ್ನು ಅಳೆಯಲು ಹೊರಟಿದ್ದೇವೋ ಆ ಕ್ರಮವೇ ಅಳತೆಗೋಲನ್ನು ಕುಗ್ಗಿಸುತ್ತಿರುತ್ತದೆ. ಪ್ಯಾಕೇಜಿಗೆ ಬೇರೆ ಬೇರೆ ಅವಧಿಗೆ ಬೇರೆ ಬೇರೆ ಅಂತರ ಕೊಟ್ಟು ಓಡಿಸಬಹುದು; ಆ ಅಂತರಗಳನ್ನು ತರುವುದು ಎಲ್ಲಿಂದ ಎಂಬುದು ಬೇರೆಯ ಪ್ರಶ್ನೆ.

ಇದರ ಮುಂದಿನ ಹೆಜ್ಜೆ ಎಂದರೆ ಹರಡಿಕೆಯ ಸಂಖ್ಯೆಯನ್ನು ನಿರ್ಬಂಧಗಳಿಗೆ ನೇರವಾಗಿ ಜೋಡಿಸುವ ಮಾದರಿಗಳು. ಇಂಪೀರಿಯಲ್ ಕಾಲೇಜಿನ ಫ್ಲ್ಯಾಕ್ಸ್‌ಮನ್ ಮತ್ತು ಸಂಗಡಿಗರು 2020ರಲ್ಲಿ ಯುರೋಪಿನ 11 ದೇಶಗಳ ಸಾವಿನ ಅಂಕಿಗಳನ್ನು ಹಿಡಿದು, ಲಾಕ್‌ಡೌನ್ ಒಂದೇ ಹರಡಿಕೆಯನ್ನು ಸುಮಾರು 81 ಪ್ರತಿಶತ ಕುಗ್ಗಿಸಿತೆಂದೂ, ಎಲ್ಲ ಕ್ರಮಗಳಿಂದ ಒಟ್ಟು 31 ಲಕ್ಷ ಸಾವುಗಳು ತಪ್ಪಿದವೆಂದೂ ಅಂದಾಜು ಮಾಡಿದರು. ಆ ಮಾದರಿಯಲ್ಲಿ ಹರಡಿಕೆ ಬದಲಾಗಲು ಅವಕಾಶವಿದ್ದದ್ದೇ ಸರ್ಕಾರಗಳು ಆದೇಶ ಹೊರಡಿಸಿದ ದಿನಗಳಂದು. ಜನ ತಾವಾಗಿಯೇ ಹುಷಾರಾದರೆ ಅದರ ಕೀರ್ತಿಯೂ ಹತ್ತಿರದ ಆದೇಶಕ್ಕೇ ಹೋಗುತ್ತಿತ್ತು. ಹಲವು ಆದೇಶಗಳು ಕೆಲವೇ ದಿನಗಳಲ್ಲಿ ಒಂದರ ಮೇಲೊಂದು ಬಿದ್ದಾಗ ಯಾವುದಕ್ಕೆ ಎಷ್ಟು ಪಾಲೆಂದು ಬಿಡಿಸಲಾಗದು ಎಂಬ ಆಕ್ಷೇಪವನ್ನು ಸೋಲ್ಟೆಸ್ ಮತ್ತು ಇತರರು ಆ ಲೇಖನ ಬಂದ ಪತ್ರಿಕೆಯಲ್ಲಿಯೇ ಆ ವರ್ಷದ ಕೊನೆಗೆ ಎತ್ತಿದರು. ಬ್ರೌನರ್ ಮತ್ತು ಸಂಗಡಿಗರು 41 ದೇಶಗಳನ್ನು ನೋಡಿದಾಗ ಶಾಲೆ–ವಿಶ್ವವಿದ್ಯಾಲಯಗಳನ್ನು ಮುಚ್ಚಿದ್ದು, ಹತ್ತಕ್ಕಿಂತ ಹೆಚ್ಚು ಜನ ಸೇರದಂತೆ ತಡೆದದ್ದು, ಜನಸಂಪರ್ಕದ ವ್ಯಾಪಾರಗಳನ್ನು ನಿಲ್ಲಿಸಿದ್ದು ದೊಡ್ಡ ಫಲ ಕೊಟ್ಟಂತೆ ಕಂಡಿತು. ಅವೆಲ್ಲ ಆದ ಮೇಲೆ ‘ಮನೆಯಲ್ಲೇ ಇರಿ’ ಎಂಬ ಆದೇಶ ಸೇರಿಸಿದ್ದು ಕೊಂಚವೇ. ಅಮೆರಿಕದ ಗೂಲ್ಸ್‌ಬಿ ಮತ್ತು ಸಿವರ್ಸನ್ ಎಂಬ ಅರ್ಥಶಾಸ್ತ್ರಜ್ಞರು ಮೊಬೈಲ್ ಜಾಡಿನಿಂದ ಅಂಗಡಿಗಳಿಗೆ ಹೋಗುವವರ ಸಂಖ್ಯೆ 60 ಪ್ರತಿಶತ ಬಿದ್ದದ್ದನ್ನು ನೋಡಿ, ಅದರಲ್ಲಿ ಕಾನೂನಿನ ಪಾಲು ಕೇವಲ 7 ಪ್ರತಿಶತಾಂಶ, ಉಳಿದದ್ದು ಜನರದೇ ನಿರ್ಧಾರ ಎಂದರು. ಅಲ್ಲಿಯ ಸತ್ಯ ದಿನಗೂಲಿಯ ಮೇಲೆ ಬದುಕುವ ನಮ್ಮ ಊರುಗಳಿಗೆ ಹಾಗೆಯೇ ಹೊಂದುತ್ತದೆಂದು ನಾನು ನಂಬುವುದಿಲ್ಲ. ಮನೆಯಲ್ಲಿ ಕೂರಬೇಕೆಂಬ ನಿರ್ಧಾರ ಕೈಯಲ್ಲಿ ಕಾಸಿದ್ದವನಿಗೆ ಸುಲಭ, ಆದೇಶ ನಿಜವಾಗಿ ಕಟ್ಟಿಹಾಕಿದ್ದು ಕಾಸಿಲ್ಲದವನನ್ನು.

ಎಪಿಎಸ್ಟಿಮ್ ಇಂಥ ವಾದಗಳಲ್ಲಿ ಪಕ್ಷ ವಹಿಸುವುದಿಲ್ಲ. ಸಂಖ್ಯೆ ಯಾವಾಗ ಬದಲಾಗಬೇಕೆಂದು ಅದು ಮೊದಲೇ ನಿರ್ಧರಿಸಿಕೊಂಡಿರುವುದಿಲ್ಲ ಎಂಬುದೇ ಅದರ ದೊಡ್ಡ ಗುಣ. ಹರಡಿಕೆಯನ್ನು ಅಳೆಯುವ ಸಾಧನವಾಗಿ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಲಾಕ್‌ಡೌನಿನ ಫಲ ಅಳೆಯುವ ಸಾಧನವೆಂದು ಎತ್ತಿಕೊಂಡವರಿಗೆ ಎರಡು ಅಂಕ, ಅದೂ ಜೊತೆಗೆ ಪರೀಕ್ಷೆಗಳ ಸಂಖ್ಯೆ ಮತ್ತು ಗೂಗಲ್ ಪ್ರಕಟಿಸುತ್ತಿದ್ದ ಜನಸಂಚಾರದ ವರದಿಗಳನ್ನು ಇಟ್ಟುಕೊಂಡರೆ ಮಾತ್ರ. ಆ ವರದಿಗಳು ನಮ್ಮಲ್ಲಿ ಜಿಲ್ಲೆಯ ಮಟ್ಟದವರೆಗೂ ಸಿಗುತ್ತಿದ್ದವು, 2022ರ ಅಕ್ಟೋಬರ್‌ನಲ್ಲಿ ನಿಂತವು. ದಿನದಿನದ ಪ್ರಕರಣಗಳನ್ನು ಸ್ವಯಂಸೇವಕರು ಒಟ್ಟುಗೂಡಿಸುತ್ತಿದ್ದ ಕೋವಿಡ್19ಇಂಡಿಯಾ ತಾಣ ಅದಕ್ಕೂ ಒಂದು ವರ್ಷ ಮೊದಲೇ, 2021ರ ಅಕ್ಟೋಬರ್ ಕೊನೆಗೆ ಕೆಲಸ ನಿಲ್ಲಿಸಿತ್ತು. ಹಳೆಯ ಕಡತಗಳನ್ನು ಇಳಿಸಿಟ್ಟುಕೊಂಡಿಲ್ಲದವರು ಈಗಲಾದರೂ ಇಳಿಸಿಟ್ಟುಕೊಳ್ಳಲಿ.

ವಿಳಂಬವನ್ನೂ ವಾರದ ಏರುಪೇರನ್ನೂ ಲೆಕ್ಕದೊಳಗೇ ಸೇರಿಸಿಕೊಳ್ಳುವ ಎಪಿನೌ2 ಎಂಬ ಇನ್ನೊಂದು ಪ್ಯಾಕೇಜ್ ಇದೆ, ಲಂಡನ್ನಿನದೇ ಬೇರೆ ಗುಂಪಿನದು. ಅನಿಶ್ಚಿತತೆಯ ಮಿತಿಗಳಲ್ಲಿ ಅದು ಹೆಚ್ಚು ಪ್ರಾಮಾಣಿಕ. ಆದರೆ ಓಡಲು ತೆಗೆದುಕೊಳ್ಳುವ ಹೊತ್ತಿನಲ್ಲಿ ಕ್ಯಾಂಟೀನಿಗೆ ಹೋಗಿ ಕಾಫಿ ಕುಡಿದು ಬರಬಹುದು, ಮತ್ತು ವಿಳಂಬದ ವಿತರಣೆಯನ್ನು ನಾವೇ ಕೊಡಬೇಕಾದ್ದರಿಂದ ತಪ್ಪು ಕೊಟ್ಟರೆ ತಪ್ಪು ಇನ್ನೂ ಗಂಭೀರ ಮುಖದಿಂದ ಹೊರಬರುತ್ತದೆ. ಪಾಠಕ್ಕೆ, ಮೊದಲ ನೋಟಕ್ಕೆ ನಾನು ಎಪಿಎಸ್ಟಿಮ್ಮನ್ನೇ ಇಟ್ಟುಕೊಂಡಿದ್ದೇನೆ. ವಾರಕ್ಕೊಮ್ಮೆ ಮಾತ್ರ ಅಂಕಿ ಸಿಗುವ ರೋಗಗಳಿಗಾಗಿ, ವಾರದ ಮೊತ್ತದಿಂದ ದಿನದ ಸಂಖ್ಯೆಯನ್ನು ಕಟ್ಟಿಕೊಳ್ಳುವ ಸೌಲಭ್ಯವನ್ನು ಈಚಿನ ಆವೃತ್ತಿಗಳಲ್ಲಿ ಸೇರಿಸಿದ್ದಾರೆ; ಅದು ನಮ್ಮಲ್ಲಿ ಉಪಯೋಗಕ್ಕೆ ಬರುವಂಥದ್ದು. ಮುಂದಿನ ಆವೃತ್ತಿಯಲ್ಲಿ ಎರಡು ಬದಲಾವಣೆ ಆಗಲಿ ಎಂದು ಬಯಸುತ್ತೇನೆ: ಪಾಸಾನ್‌ಗಿಂತ ಹೆಚ್ಚು ಚದುರುವ ಎಣಿಕೆಗಳಿಗೆ ತಕ್ಕ ಅಗಲವಾದ ಮಿತಿಗಳು, ಮತ್ತು ಪ್ರಕರಣಗಳ ಪಕ್ಕದಲ್ಲಿ ಪರೀಕ್ಷೆಗಳನ್ನು ತುಂಬಲು ಒಂದು ಕಾಲಮ್.